ಮೌಸ್ ಅಲ್ಲಾಡಿದರೆ ಹಸಿರು

"ನಿನ್ನ ಮೊಲೇಲಿ ಹಾಲು ಊರೋದುಕ್ಕೆ ನಾನು ಕರೆಂಟು ಸುಡಬೇಕಾ, ಮೂದೇವಿ?"

ಆಪೀಸಿನ ಯಜಮಾನ ಲೋಗನಾಥನ್ ಇದನ್ನು ನಮ್ಮೆಲ್ಲರ ಎದುರಿಗೇ ಇಂದುಜಾಳನ್ನು ಕೇಳಿದ. ಗಿರಾಕಿಗಳ ಹತ್ತಿರ ಅವನದು ಬೆಣ್ಣೆಯಂಥ ತಮಿಳು, ಮೇಲ್ ಬರೆಯಲು ಇಂಗ್ಲಿಷು. ಮನೆಯ ಕನ್ನಡ ಅವನ ಬಾಯಿಗೆ ಬರುತ್ತಿದ್ದುದು ಬೈಯುವಾಗ ಮಾತ್ರ. ನಮ್ಮ ಆರೂ ಜನರ ಮನೆಗಳಲ್ಲಿ ಆಡುವುದು ಅದೇ ಮಾತು. ಹಾಗಾಗಿ ಬೈಗುಳದ ಒಂದು ಅಕ್ಷರವೂ ನೆಲಕ್ಕೆ ಬೀಳುತ್ತಿರಲಿಲ್ಲ.

ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಇಂದುಜಾಳ ಹೆಸರು ಎಲ್ಲರಿಗಿಂತ ಕೆಳಗೆ, ಕೆಂಪಿನಲ್ಲಿ ಇತ್ತು.

"ದಿನಕ್ಕೆ ಎರಡು ಸಲ, ಕಾಲ್ಕಾಲು ಗಂಟೆ ಅಣ್ಣಾ. ಕೊಳಂದೆ ಹುಟ್ಟಿ ನಾಲ್ಕು ತಿಂಗಳು," ಅಂದಳು ಇಂದುಜಾ.

"ಬಾಟ್ಲೀಲಿ ಪುಟ್ಟಿಪಾಲು ಕೊಡು. ಇಲ್ಲ ಮನೇಲಿ ಕೂತ್ಕೊ. ಶುಕ್ರವಾರ ಮೂರು ಗಂಟೆಗೆ ಮೀಟಿಂಗು. ಅವತ್ತು ಪಟ್ಟಿ ಕಡೇಲಿ ಯಾರ ಹೆಸರಿರುತ್ತೋ ಅವರು ಸೋಮವಾರದಿಂದ ಬರೋದು ಬ್ಯಾಡ."

ಇಷ್ಟಕ್ಕೆಲ್ಲ ಕಾರಣ ಧರಣಿ ಅನ್ನುವ ನಾನು, ಇಲ್ಲವೇ ಪಕ್ಕದ ಮೇಜಿನ ದಂಡಪಾಣಿ. ಕೊಯಮತ್ತೂರಿನ ಹತ್ತಿರ ಕರುಮತ್ತಂಪಟ್ಟಿಯಲ್ಲಿ ಲೋಗನಾಥನ ಅಪ್ಪ ಮಗ್ಗ ಓಡಿಸುತ್ತಿದ್ದ ಶೆಡ್ಡಿನಲ್ಲೇ ಈಗ ನಮ್ಮ ಆಪೀಸು. ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ ವೆಬ್‌ಸೈಟು, ಆ್ಯಪು ಮಾಡಿಕೊಡುತ್ತೇವೆ. ಯಾರು ಏನು ಮಾಡಬೇಕು ಅನ್ನುವುದೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿತ್ತು. ಕಳೆದ ತಿಂಗಳು ಅಂಗಪ್ಪನ್ ಅನ್ನುವ ದೊಡ್ಡ ಗಿರಾಕಿಯ ಸೈಜುಗಳ ಪುಟವನ್ನು ದಂಡಪಾಣಿ ಮಾಡಿದ್ದಾನೆಂದು ನಾನು ಸುಮ್ಮನಿದ್ದೆ, ನಾನು ಮಾಡಿದ್ದೇನೆಂದು ಅವನು ಸುಮ್ಮನಿದ್ದ. ಇಬ್ಬರ ನಡುವೆ ಮುನ್ನೂರು ಗುಡ್ ಮಾರ್ನಿಂಗು, ಅರವತ್ತು ಮುರುಗನ ಪಟ ಬಂದು ಹೋದವು. ಪುಟ ಮಾತ್ರ ಬರಲಿಲ್ಲ.

"ಪ್ರಾಜೆಕ್ಟು ನೋಡ್ಕೊಳ್ಳೋ ಸಾಫ್ಟ್‌ವೇರು ಒಂದು ತರೋಣ. ನೀವೇ ಆರಿಸಿ," ಎಂದಿದ್ದ ಲೋಗನಾಥನ್.

ನಾವು ಆರಿಸಿದೆವು. 'ಪಲಕ' ಅಂತ ಅದರ ಹೆಸರು. ಒಂದು ಕೆಲಸಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಮಾಡುವವರ ಹೆಸರು, ಎಲ್ಲಿ ಸಿಕ್ಕಿಕೊಂಡಿದೆ ಅನ್ನುವ ಒಂದು ಸಾಲು. ಮುಗಿದರೆ ಎಡದಿಂದ ಬಲಕ್ಕೆ ಸರಿಸಿದರಾಯಿತು. ಎರಡೇ ದಿನದಲ್ಲಿ ದಂಡಪಾಣಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಹೆಣ್ಣು ನೋಡಲು ಹೋದ ಮನೆಯಲ್ಲೂ ಫೋನು ತೆಗೆದು ಅದನ್ನೇ ತೋರಿಸಿ ಬಂದ. ಹೆಣ್ಣು ಒಪ್ಪಲಿಲ್ಲ.

ಲೋಗನಾಥನೂ ಒಪ್ಪಲಿಲ್ಲ. "ಇದ್ರಲ್ಲಿ ಯಾರು ಎಷ್ಟು ಸಲ ಉಚ್ಚೆಗೆ ಹೋದ್ರು ಅಂತ ಎಲ್ಲಿ ಐತೆ?"

ಅದು ಎಲ್ಲಿದೆ ಎಂದು ತೋರಿಸಲು ಕೊಯಮತ್ತೂರಿನಿಂದ ಮಾಧವ್ ಬಂದ. ಇಸ್ತ್ರಿಯ ಅಂಗಿ, ಹಣೆಯಲ್ಲಿ ಸಣ್ಣ ಅಂಗಾರ, ಪುಸ್ತಕದಂಥ ಕನ್ನಡ. ಅವನು ಮಾರುತ್ತಿದ್ದ ಸಾಫ್ಟ್‌ವೇರಿನ ಹೆಸರು 'ಕಾವಲ್'. "ನೀವು ಇಲ್ಲದಾಗಲೂ ನಿಮ್ಮ ಕಣ್ಣು ಇಲ್ಲೇ ಇರುತ್ತದೆ ಸಾರ್," ಎಂದು ವಿವರಿಸಿದ. ಮೌಸ್ ಅಲ್ಲಾಡುತ್ತಿದ್ದರೆ ಹೆಸರು ಹಸಿರು. ಮೂರು ನಿಮಿಷ ಸುಮ್ಮನಿದ್ದರೆ ಕೆಂಪು. ದಿನದ ಪಟ್ಟಿಯನ್ನು ಅಚ್ಚು ಹಾಕಿ ಬಾಗಿಲಿಗೆ ಅಂಟಿಸಬಹುದು. ಕೀಬೋರ್ಡು ಲೆಕ್ಕಕ್ಕಿಲ್ಲ, ಅದು ಮುಂದಿನ ವರ್ಷ ಬರುತ್ತದಂತೆ. ಮೀಟಿಂಗಿಗೆ ಎದ್ದು ಹೋದರೂ ಕೆಂಪೇ. ಒಂದು ವಾರ ಉಚಿತವಾಗಿ ಹಾಕಿ ನೋಡಿ, ಶುಕ್ರವಾರ ಮೂರು ಗಂಟೆಗೆ ಬಂದು ಸಹಿ ಹಾಕಿಸಿಕೊಳ್ಳುತ್ತೇನೆ ಎಂದು ಹೋದ.

ಮೊದಲ ದಿನವೇ ಅದರ ನ್ಯಾಯ ನಮಗೆ ಗೊತ್ತಾಯಿತು. ದಂಡಪಾಣಿ ಎರಡು ಗಂಟೆ ತಲೆಯೆತ್ತದೆ ಪ್ರೋಗ್ರಾಮು ಬರೆದ, ಕೆಂಪಾದ. ನಾನು ಅಷ್ಟೂ ಹೊತ್ತು ಸೆಕೆಂಡ್ ಹ್ಯಾಂಡ್ ಬೈಕುಗಳ ಪಟ ಮೇಲೆ ಕೆಳಗೆ ಓಡಿಸಿದೆ. ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು.

ಬೈಗುಳ ತಿಂದ ಆ ಬುಧವಾರ ಇಂದುಜಾ ಹಿಂದಿನ ಉಗ್ರಾಣಕ್ಕೆ ಹೋಗಿ ಮಗುವನ್ನು ಎತ್ತಿಕೊಂಡಳು. ನಾನು ನೀರು ಕುಡಿಯುವ ನೆವದಲ್ಲಿ ಹಿಂದೆಯೇ ಹೋದೆ. ಅವಳ ಅತ್ತೆ ವಳ್ಳಿಯಮ್ಮ ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು. ಆಪೀಸು ಗುಡಿಸುವುದು ಅವಳ ಕೆಲಸ. ಸೊಸೆ ಮೇಜಿಗೆ ಕೂತಾಗ ಕಬ್ಬಿಣದ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿ ಮೊಮ್ಮಗಳನ್ನು ತೂಗುವುದೂ ಅವಳೇ.

"ಹಾಲು ಬಿಡಿಸ್ಲಾ ಅತ್ತೆ, ಕೆಲ್ಸ ಬಿಡ್ಲಾ?" ಅಂದಳು ಇಂದುಜಾ.

"ಏನೂ ಬಿಡಬ್ಯಾಡ. ನೀನು ಎದ್ದು ಬಂದಾಗ ನಿನ್ನ ಮೇಜು ಯಾರು ನೋಡ್ಕೊತಾರೆ?"

"ಯಾರೂ ಇಲ್ಲ."

ವಳ್ಳಿಯಮ್ಮ ನನ್ನ ಕಡೆ ತಿರುಗಿದಳು. ಅವಳು ಇದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಆರು ಮಗ್ಗ ಓಡಿಸಿದವಳು. ಮಗ್ಗಕ್ಕೆ ಅವಳು ಅನ್ನುವುದು ತರಿ. "ಥೂ ನಿಮ್ಮ ಓದಿಗೆ! ನಿನ್ನವ್ವ ನಿನಗೆ ಹಾಲು ಕುಡ್ಸೋಕೆ ಹೋದಾಗ ಅವಳ ಆರು ತರೀನೂ ನಾನು ನೋಡ್ಕೊಂಡೆ ಕಣೋ ಧರಣಿ. ಒಟ್ಟು ಹನ್ನೆರಡು. ಒಂದು ನೂಲು ಹರೀಲಿಲ್ಲ, ಲೋಗನಾಥನ ಅಪ್ಪ ಮೊದಲಾಳಿ, ಆತನಿಗೂ ಸುಳಿವಿಲ್ಲ. ಎದ್ದೋಳ ತರಿ ಪಕ್ಕದೋಳದು. ನಿಮಗ್ಯಾರೂ ಇದನ್ನ ಕಾಲೇಜಲ್ಲಿ ಹೇಳಿಕೊಡ್ಲಿಲ್ವಾ?"

ಹೇಳಿಕೊಟ್ಟಿರಲಿಲ್ಲ. ಅವತ್ತು ಕಲಿತೆವು. ಮೂರು ಗಂಟೆಗೆ ಇಂದುಜಾ ಎದ್ದಾಗ ಅವಳ ಮೌಸು ನನ್ನ ಎಡಗೈಗೆ ಬಂತು. ನಾನು ಎದ್ದರೆ ನನ್ನದು ದಂಡಪಾಣಿಗೆ. ಗುರುವಾರ ಸಂಜೆಯ ಹೊತ್ತಿಗೆ ಹಾಳೆಯಲ್ಲಿ ಆರು ಹೆಸರೂ ಹಸಿರಾಗಿ ನಿಂತಿದ್ದವು. ಇಡೀ ದಿನ ಆರು ಜನರಲ್ಲಿ ಒಬ್ಬರೂ ಉಚ್ಚೆ ಹೊಯ್ದಿಲ್ಲವೆಂದು ಕಾವಲ್ ಸಾಕ್ಷಿ ಹೇಳಿತು.

ಲೋಗನಾಥನ್ ಹಾಳೆಗೆ ಮುತ್ತಿಡುವುದೊಂದು ಬಾಕಿ. "ನೋಡಿದ್ರಾ, ಭಯ ಇದ್ರೆ ಬೇವರ್ಸಿಗಳೂ ದುಡೀತಾರೆ."

ತೊಡಕು ಕಂಡದ್ದು ಶುಕ್ರವಾರ. ಮೂರು ಗಂಟೆಯ ಮೀಟಿಂಗಿಗೆ ಆರೂ ಜನ ಒಟ್ಟಿಗೆ ಹೋಗಬೇಕು. ಪಕ್ಕದವರೇ ಇಲ್ಲದಿದ್ದರೆ ನೋಡಿಕೊಳ್ಳುವುದು ಯಾರು? ಮೀಟಿಂಗು ಎಳೆದಷ್ಟೂ ಕೆಂಪು ಏರುತ್ತದೆ. ಎಲ್ಲರೂ ಹಸಿರಿದ್ದರೆ ಕಡೆಯವರೇ ಇಲ್ಲ; ಎಲ್ಲರೂ ಒಂದೇ ಸಮ ಕೆಂಪಾದರೆ ಕಾವಲ್ ಹಿಂದಿನ ದಿನಗಳನ್ನು ನೋಡುತ್ತದೆ, ಸೋಮ, ಮಂಗಳವಾರದ ಹಳೆಯ ಕೆಂಪು ಹೆಚ್ಚಿರುವುದು ಇಂದುಜಾಳ ತಲೆಯ ಮೇಲೆ. ಕಡೆಗೆ ನಿಲ್ಲುವವಳು ಅವಳೇ.

"ನೀವು ಹೋಗಿ. ನಾನಿದೀನಿ," ಅಂದಳು ವಳ್ಳಿಯಮ್ಮ.

"ಆರು ಮೌಸು ಅಮ್ಮಾ!"

"ನನ್ನ ಲೆಕ್ಕವೇ ಆರು ಕಣೋ."

ಶುಕ್ರವಾರವಾದ್ದರಿಂದ ಮುರುಗನ ಪಟಕ್ಕೆ ಕರ್ಪೂರ ಬೆಳಗಿದಳು. ಆರತಿಯನ್ನು ನಮಗೆ ಕೊಟ್ಟ ಮೇಲೆ ಆರು ಮೌಸುಗಳಿಗೂ ಒಂದೊಂದು ಚಿಟಿಕೆ ವಿಭೂತಿ ಇಟ್ಟಳು. ನಾವು ನಗುತ್ತಲೇ ಮೀಟಿಂಗಿನ ಕೋಣೆಗೆ ಹೋದೆವು.

ಮಾಧವ್ ಗೋಡೆಯ ಮೇಲೆ ದೊಡ್ಡ ಪರದೆ ಬೆಳಗಿಸಿದ್ದ. ಲೋಗನಾಥನ್ ಅದಕ್ಕೆ ಬೆನ್ನು ಹಾಕಿ ನಿಂತು ಶುರು ಮಾಡಿದ. "ಈ ಒಂದು ವಾರದಾಗೆ ನಿಮ್ಮ ಚರ್ಮ ಎಷ್ಟು ದಪ್ಪ ಅಂತ ತಿಳೀತು. ಇನ್ಮೇಲೆ ಗಿರಾಕೀನೇ ಕೂತಲ್ಲಿಂದ ನಿಮ್ಮನ್ನ ನೋಡ್ತಾನೆ. ಅಂಗಪ್ಪನ್ ಅಣ್ಣನಿಗೆ ಲಿಂಕು ಕಳಿಸಿದೀನಿ. ಈಗಲೂ ನೋಡ್ತಾ ಇರಬೋದು. ಏನು ಸಾರ್, ಈ ನಿಮಿಷದ ಪಟ್ಟಿ ತೋರ್ಸಿ."

ಮಾಧವ್ ಒತ್ತಿದ. ಪಟ್ಟಿ ಬಂತು. ಅವನ ಬಾಯಿ ಸ್ವಲ್ಪ ತೆರೆದೇ ಉಳಿಯಿತು.

"ಸಾರ್... ಇವರು ಆರು ಜನವೂ ಇಲ್ಲೇ ಕೂತಿದ್ದಾರಲ್ಲವೇ?"

"ಹೂಂ."

"ಇಲ್ಲಿ ಆರು ಜನವೂ ಕೆಲಸ ಮಾಡುತ್ತಿದ್ದಾರೆ. ನೂರಕ್ಕೆ ನೂರು."

ಲೋಗನಾಥನ್ ತಿರುಗಿ ನೋಡಿದ. ಆರು ಹೆಸರೂ ಭತ್ತದ ಸಸಿಯ ಹಾಗೆ ಹಸಿರು. ಏಳನೆಯದೊಂದು ಹೆಸರು ಮಾತ್ರ ಪಟ್ಟಿಯ ತಳದಲ್ಲಿ ಕೆಂಪಗೆ ಕೂತಿತ್ತು. ಪರೀಕ್ಷೆಗೆಂದು ಮೊದಲ ದಿನ ತನ್ನ ಹೆಸರನ್ನೂ ಸೇರಿಸಿ ಮರೆತುಬಿಟ್ಟಿದ್ದ; ಬಾಗಿಲ ಹಾಳೆಯಲ್ಲಿ ಕೆಲಸದವರ ಹೆಸರು ಮಾತ್ರ ಅಚ್ಚಾಗುತ್ತಿತ್ತು. ಲೋಗನಾಥನ್ ಕೆ., ನೂರಕ್ಕೆ ಒಂಬತ್ತು.

"ಕಡೇಲಿ ಯಾರಿದ್ದಾರೋ ಅವರು..." ಎಂದು ದಂಡಪಾಣಿ ಶುರು ಮಾಡಿ ಕೆಮ್ಮಿದ.

ಲೋಗನಾಥನ್ ಓಡಿದ. ಹಿಂದೆ ನಾವು, ನಮ್ಮ ಹಿಂದೆ ಮಾಧವ್.

ನಮ್ಮ ಮೇಜುಗಳ ಮೇಲೆ ಯಾರೂ ಮುಟ್ಟದೆ ಆರು ಮೌಸುಗಳು ಮುಂದಕ್ಕೂ ಹಿಂದಕ್ಕೂ ಹೋಗಿ ಬರುತ್ತಿದ್ದವು, ಹಣೆಯಲ್ಲಿ ವಿಭೂತಿ. ಪ್ರತಿಯೊಂದರ ಹಿಂದೆ ಚಡ್ಡಿಗೆ ಹಾಕುವ ತಿರುಪ್ಪೂರಿನ ಎಲಾಸ್ಟಿಕ್ಕು, ಮುಂದೆ ಒಂದು ಎಳೆ ನೂಲು. ಆರು ಎಳೆಯೂ ಸೇರಿ ಒಂದಾಗಿ, ಹಿಂದೆ ಮಗ್ಗದ ಶಾಫ್ಟು ಹಾಯುತ್ತಿದ್ದ ಗೋಡೆಯ ತೂತಿನಿಂದ ಉಗ್ರಾಣಕ್ಕೆ ಹೋಗಿದ್ದವು. ಅಲ್ಲಿ ನೂಲಿನ ತುದಿ ತೊಟ್ಟಿಲಿಗೆ ಕಟ್ಟಿತ್ತು. ವಳ್ಳಿಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ವೀಳ್ಯದೆಲೆ ಮಡಿಸುತ್ತ, ಹೆಬ್ಬೆರಳಿನಿಂದ ತೊಟ್ಟಿಲು ತೂಗುತ್ತಿದ್ದಳು. ಮಗು ನಿದ್ದೆಯಲ್ಲಿತ್ತು.

"ಏಯ್ ಮುದಿ ಕೆಳವೀ! ಏನಿದು ಕಳ್ಳಾಟ?"

"ಕೊಳಂದೆ ತೂಗ್ತಾ ಇದೀನಿ ಸಾಮಿ," ಅಂದಳು ವಳ್ಳಿಯಮ್ಮ. ಕಾಲು ನಿಲ್ಲಿಸಲಿಲ್ಲ.

ಮಾಧವ್ ಮುಖ ಆಚೆ ತಿರುಗಿಸಿದ. ಅವನ ಹೆಗಲು ಕುಣಿಯುತ್ತಿತ್ತು.

ಲೋಗನಾಥನ್ ನೂಲಿಗೆ ಕೈ ಹಾಕಿ ಜಗ್ಗಿದ. ನೂಲು ಹರಿಯಿತು, ತೊಟ್ಟಿಲು ಓಲಾಡಿತು, ಮಗು ಎದ್ದು ಶೆಡ್ಡಿನ ತಗಡು ನಡುಗುವ ಹಾಗೆ ಅತ್ತಿತು. ಅದರ ಹಾಲಿನ ಹೊತ್ತು ಆಗಲೇ ಮೀರಿತ್ತು.

ಇಂದುಜಾ ಮಗುವನ್ನು ಎತ್ತಿಕೊಂಡಳು. ಉಗ್ರಾಣದಲ್ಲಿ ಕೂರಲಿಲ್ಲ. ಅವನನ್ನು ದಾಟಿ ನಡೆದು ತನ್ನ ಮೇಜಿಗೇ ಬಂದು, ತನ್ನ ಕುರ್ಚಿಯಲ್ಲೇ ಕೂತಳು. ಸೆರಗು ಹೊದಿಸಿ ಮಗುವನ್ನು ಎದೆಗೆ ಹಚ್ಚಿದಳು. ಅಳು ನಿಂತಿತು. ಮಗು ಚಪ್ಪರಿಸುವುದು ನಾಲ್ಕು ಮೇಜಿನಾಚೆಗೂ ಕೇಳಿಸುತ್ತಿತ್ತು.

"ಎದ್ದೇಳೇ! ಇದು ಆಪೀಸು."

"ಕೆಲ್ಸ ಮಾಡ್ತಾ ಇದೀನಿ ಅಣ್ಣಾ." ಮೌಸಿನಿಂದ ಎಲಾಸ್ಟಿಕ್ ಬಿಚ್ಚಿ, ಕೈ ಚಾಚಿ ಆ ವೈರಿಲ್ಲದ ಮೌಸನ್ನು ಪಕ್ಕದಲ್ಲೇ ಇದ್ದ ಅವನ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಆಸ್ತಿ. ಇಟ್ಕೊಳ್ಳಿ. ನನಗೆ ಕೀಬೋರ್ಡು ಸಾಕು." ಒಂದು ಕೈಯಲ್ಲಿ ಟೈಪು ಮಾಡತೊಡಗಿದಳು. ಅಂಗಪ್ಪನ ಸೈಜುಗಳ ಪುಟವೇ.

ದಂಡಪಾಣಿ ತನ್ನದನ್ನು ಬಿಚ್ಚಿ ಪಕ್ಕದಲ್ಲಿಟ್ಟ. ನಾನೂ ಇಟ್ಟೆ. ಆಮೇಲೆ ಉಳಿದ ಮೂವರು. ವಿಭೂತಿ ಇಟ್ಟ ಆರು ಮೌಸು ಅವನೆದುರು ಸಾಲಾಗಿ ಕೂತವು. ಆರು ಕೀಬೋರ್ಡುಗಳು ಒಟ್ಟಿಗೆ ಸದ್ದು ಮಾಡತೊಡಗಿದವು. ಮೂರು ನಿಮಿಷ ಕಳೆಯುತ್ತಲೇ, ಮೀಟಿಂಗಿನ ಕೋಣೆಯ ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಪರದೆಯ ಮೇಲೆ ಒಂದೊಂದಾಗಿ ಹೆಸರುಗಳು ಕೆಂಪಾದವು.

ಲೋಗನಾಥನ ಫೋನು ಬಡಿದುಕೊಂಡಿತು. ಅಂಗಪ್ಪನ ತಮಿಳು ಸ್ಪೀಕರಿಲ್ಲದೆಯೇ ನಮಗೆ ಕೇಳಿಸಿತು.

"ಏನ್ ಲೋಗು, ಎಲ್ಲಾ ಕೆಂಪು ತೋರ್ಸ್ತಿದೆ? ನಿನ್ನ ಜನ ಎಲ್ಲಾ ಓಡೋದ್ರಾ? ನನ್ನ ಪುಟ ಯಾರು ಮಾಡ್ತಾರೆ?"

"ಇಲ್ಲಣ್ಣಾ, ಇಲ್ಲೇ ಇದಾರೆ... ಮಾಡ್ತಾನೇ ಇದಾರೆ..."

"ಮಾಡ್ತಿದ್ರೆ ಕೆಂಪ್ಯಾಕೆ? ನನಗೇ ಕಿವಿಗೆ ಹೂವಾ?"

ಲೋಗನಾಥನ್ ನಮ್ಮನ್ನು ನೋಡಿದ. ಯಾರೂ ತಲೆಯೆತ್ತಲಿಲ್ಲ. ಮಾಧವನನ್ನು ನೋಡಿದ. "ಕೀಬೋರ್ಡು ಮುಂದಿನ ವರ್ಷ ಸಾರ್," ಅಂದ ಮಾಧವ್, ಬಹಳ ವಿನಯದಿಂದ.

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಲೋಗನಾಥನ್ ಕೂತ. ಎರಡು ಕೈಯಲ್ಲಿ ಎರಡು ಮೌಸು ಹಿಡಿದು ಅಲ್ಲಾಡಿಸಿದ. ಬಿಟ್ಟು ಮತ್ತೆರಡು ಹಿಡಿದ. ಅಷ್ಟರಲ್ಲಿ ಅಂಗಪ್ಪನ್ ಒಂದು ಹೆಸರು ಹಿಡಿದು ಕೂಗಿದ. ಇಂದುಜಾ ಅಂದ್ರೆ ಯಾರು, ಅವಳ್ಯಾಕೆ ಇನ್ನೂ ಕೆಂಪು?

"ಯಾವ್ದೇ ನಿಂದು?" ಲೋಗನಾಥನ್ ಫೋನಿಗೆ ಕೇಳದ ಹಾಗೆ ಪಿಸುಗುಟ್ಟಿದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಇಂದುಜಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಎಡಗಡೇದು ಅಣ್ಣಾ. ಕೊಳಂದೆ ಕುಡ್ದು ಮುಗ್ಸೋ ತನಕ ಅಲ್ಲಾಡಿಸ್ತಾ ಇರಿ."