ಪೊಟ್ಟಣ ತೊಳೆದ ನೀರು

“ಲೇ ಲೌಡಿ, ನಂಗೇ ಬುದ್ಧಿ ಹೇಳೋಕ್ ಬಂದ್ಯಾ? ಮೊದ್ಲು ಕಾಲಿನ ಕೆಸರು ತೊಳ್ಕೊ.”

ಧಣಿ ಹೀಗಂದದ್ದು ಕೋಸಿನ ಹೊಲದ ಬದುವಿನ ಮೇಲೆ, ಬೆನ್ನಿಗೆ ಪಂಪು ಹೊತ್ತು ನಿಂತ ಹನ್ನೆರಡು ಹೆಂಗಸರ ಎದುರಿಗೆ. ಅನ್ನಿಸಿಕೊಂಡವಳು ಅವರಲ್ಲೇ ಒಬ್ಬಳು, ಬಾಯಿಬಡಕಿ. ಆ ಹೆಸರೂ ಧಣಿ ಕೊಟ್ಟದ್ದೇ. ಅವಳ ತಪ್ಪೆಂದರೆ ಕೃಷಿ ಆಫೀಸರ್ ಮಾತನ್ನು ಕಿವಿಗೊಟ್ಟು ಕೇಳಿ ಧಣಿಗೆ ನೆನಪಿಸಿದ್ದು. ಹುಳಕ್ಕೆಂದು ತಂದ ಬಿಳಿ ಪುಡಿ ವಿಷವಲ್ಲ, ಜೀವವಿರುವ ಬೂಷ್ಟು. ಹುಳದ ಮೈಗೆ ಅಂಟಿ, ಒಳಹೊಕ್ಕು, ಬೆಳೆದು ಕೊಲ್ಲುತ್ತದೆ. ಬಿಸಿಲಿಳಿದ ಮೇಲೆ ಹೊಡೆಯಬೇಕು. ಎಲೆ ಕೊಳೆಯುವ ರೋಗದ ನೀಲಿ ಪುಡಿ ಜೊತೆ ಬೆರೆಸಲೇಬಾರದು, ಅದಿರುವುದೇ ಬೂಷ್ಟು ಕೊಲ್ಲಲಿಕ್ಕೆ. ಆಫೀಸರ್ ಇಷ್ಟೆಲ್ಲ ಹೇಳುವಾಗ ಧಣಿ ಫೋನಿನಲ್ಲಿ ನಗುತ್ತಿದ್ದ. ಈಗ ಎರಡೂ ಪುಡಿಯನ್ನು ಒಂದೇ ಡ್ರಮ್ಮಿಗೆ ಸುರಿಸಿ, ಒಂದೇ ಏಟಿಗೆ ಎರಡು ಕೆಲಸ ಮುಗಿಸಿದ ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತಿದ್ದ.

ನೆತ್ತಿ ಸುಡುವ ಬಿಸಿಲಲ್ಲೇ ಹೊಡೆದು ಮುಗಿಸಿದರು. ಬಿಳಿ ಪುಡಿಯ ಖಾಲಿ ಪೊಟ್ಟಣಗಳು ಉಳಿದವು. ವಿಷದ ನೀರು ತನ್ನ ಬಾವಿಯ ಹತ್ತಿರ ಬಿದ್ದೀತೆಂದು ಧಣಿಗೆ ಭಯ.

“ನಿಮ್ ಹಿತ್ತಲಿಗ್ ಒಯ್ದು ತೊಳೀರಿ. ನೀರು ಅಲ್ಲೇ ಚೆಲ್ಲಿ. ನಿಮ್ಗೇನೂ ಆಗಲ್ಲ.”

ಹಿತ್ತಲೆಂದರೆ ಕೂಲಿಮನೆಗಳ ಹಿಂದಿನ ನಾಲ್ಕು ಮಾರು ನೆಲ. ನೆಲ ಧಣಿಯದು, ಅದರಲ್ಲಿ ಕೋಸು ಬೆಳೆದು ಉಣ್ಣುತ್ತಿದ್ದವರು ಇವರು. ಬಾಯಿಬಡಕಿ ಸಂಜೆ ಪೊಟ್ಟಣಗಳ ಮೂಲೆಮೂಲೆ ಜಾಲಾಡಿಸಿದಳು. ಧಣಿ ಚೆಲ್ಲಲು ಹೇಳಿದ್ದ ನೀರನ್ನು ಅವಳ ಅತ್ತೆ ಒಂದೊಂದು ಎಲೆಗೂ ಚಿಮುಕಿಸಿದಳು.

ಹತ್ತು ದಿನಕ್ಕೆ ಧಣಿಯ ಹೊಲ ಜರಡಿಯಾಯಿತು. ಹಿತ್ತಲಿನ ಕೋಸು ಮಾತ್ರ ಗುಂಡುಗುಂಡಾಗಿ ಕೂತಿತ್ತು. ಎಲೆಯ ಮೇಲೆ ಹುಳಗಳು ಹತ್ತಿ ಸುತ್ತಿಕೊಂಡಂತೆ ಬೆಳ್ಳಗೆ ಸತ್ತಿದ್ದವು.

ಧಣಿ ಆಫೀಸರನ್ನೂ ಕರೆದುಕೊಂಡು ಹಿತ್ತಲಿಗೇ ನುಗ್ಗಿದ. ತನ್ನ ಪುಡಿ ಕದ್ದಿದ್ದಾರೆಂದು ಕೂಗಾಡಿದ. ನಾಳೆಯೊಳಗೆ ನೆಲ ಬಿಡಬೇಕು ಎಂದ. ಬಾಯಿಬಡಕಿಯನ್ನು ಎಲ್ಲರೆದುರು ಕಳ್ಳಿ ಎಂದ. ಲೌಡಿ ಅಂದಾಗ ಅವಳಿಗೆ ಇಷ್ಟು ನೋವಾಗಿರಲಿಲ್ಲ, ಅದು ದಿನದ ಮಾತು. ಕಳ್ಳಿ ಎಂಬುದು ದಿನದ ಮಾತಲ್ಲ.

ಅತ್ತೆ ಮೊರದ ತುಂಬ ಸತ್ತ ಹುಳ ಆರಿಸಿ ತಂದು ಧಣಿಯ ಕೈಗಿಟ್ಟಳು.

“ಹುಳ ನಿಮ್ದೇ ಧಣಿ. ಉಣ್ಣೋಕೆ ನಮ್ಮನೇಗ್ ಬಂದ್ವು, ಇಲ್ಲೇ ಸತ್ವು. ತಗೊಂಡ್ಹೋಗಿ.”

ಆಫೀಸರ್ ಅತ್ತ ತಿರುಗಿ ಕೆಮ್ಮಿದ. ನಗು ಅಡಗಿದ ಮೇಲೆ ಪುಡಿ ಹೇಗೆ ಬೆರೆಸಿದಿರಿ ಎಂದು ಕೇಳಿದ. ಹೆಂಗಸರು ಒಬ್ಬರಾದ ಮೇಲೊಬ್ಬರು ಹೇಳಿದರು, ನೀರು ಎಲ್ಲಿ ಚೆಲ್ಲಲು ಧಣಿ ಹೇಳಿದ ಎಂಬುದನ್ನೂ ಬಿಡದೆ. ಧಣಿ ಹುಳಗಳನ್ನೇ ನೋಡುತ್ತಿದ್ದ. ಜೀಪಿನಲ್ಲಿ ಇನ್ನಷ್ಟು ಪೊಟ್ಟಣ ಇವೆ, ಇವತ್ತು ಸಂಜೆಯೇ ಹೊಡೆದರೆ ಅರ್ಧ ಬೆಳೆಯಾದರೂ ಉಳಿದೀತು ಎಂದ ಆಫೀಸರ್.

ಧಣಿ ಮೊರ ಕೆಳಗಿಟ್ಟು, ಪಂಪು ಹೊರಿ ಎಂದು ಹೆಂಗಸರಿಗೆ ಹೇಳಿದ. ಬಾಯಿಬಡಕಿ ಹೊಲದವರೆಗೂ ಬಂದವಳು ಬದುವಿನ ಮೇಲೆ ಕಾಲು ಚಾಚಿ ಕೂತಳು.

“ಕಳ್ಳಿ ಕೈಗೆ ಔಷಧಿ ಕೊಡ್ಬೇಡಿ ಧಣಿ. ನೀರು ಅಲ್ಲಿ ಚೆಲ್ಲೋಕ್ ಹೇಳಿದ್ದು ನೀವೇ ಅಂತ ನಿಮ್ ಬಾಯಲ್ಲೇ ಹೇಳಿ. ಹಿತ್ತಲು ನಮ್ಗಿರ್ಲಿ. ಆಮೇಲೆ ಹೊರ್ತೀವಿ.”

ಉಳಿದ ಹನ್ನೊಂದು ಹೆಂಗಸರೂ ಕೂತರು. ಅತ್ತೆ ಎಲೆಯಡಿಕೆ ಚೀಲ ಬಿಚ್ಚಿದಳು, ಬೇಗ ಏಳುವ ಇರಾದೆ ಅವಳಿಗಿರಲಿಲ್ಲ.

ಧಣಿ ಬೈದ, ಹೆದರಿಸಿದ, ಹೊತ್ತು ಇಳಿಯುವುದನ್ನು ನೋಡಿದ. ಕೇಳಿದ್ದು ಎರಡೇ ಮಾತು, ಆದರೂ ಅವನ ಬಾಯಿಂದ ಹೊರಡಲಿಲ್ಲ. ಕೊನೆಗೆ ತಾನೇ ಪಂಪಿಗೆ ಬೆನ್ನು ಕೊಟ್ಟ. ಮುಚ್ಚಳ ತಿರುಗಿಸುವುದು ಅವನಿಗೆ ಗೊತ್ತಿರಲಿಲ್ಲ. ಮೊದಲ ಸಾಲು ಮುಗಿಯುವಷ್ಟರಲ್ಲಿ ಬಿಳಿ ನೀರು ಅಂಗಿಯ ಒಳಗಿಳಿದು ಮೊಣಕಾಲು ದಾಟಿತ್ತು. ಮುಂದೆ ಇನ್ನೂ ನೂರು ಸಾಲಿತ್ತು, ಬೆಳಕು ಸ್ವಲ್ಪವೇ ಇತ್ತು.

ಬಾಯಿಬಡಕಿ ಕೂತಲ್ಲಿಂದಲೇ ಕೂಗಿ ಹೇಳಿದಳು:

“ಪೊಟ್ಟಣ ತೊಳ್ದು ನೀರು ನಮ್ ಹಿತ್ತಲಿಗೇ ಚೆಲ್ಲಿ ಧಣಿ. ನಿಮ್ಗೇನೂ ಆಗಲ್ಲ.”