ಹೆಣದ ಹೆಸರು

"ಹೆಣದ ಹೆಸರೇನು?" ಎಂದು ಮುನಿಯಲ್ಲಮ್ಮ ಮೂರನೇ ಸಲ ಕೇಳಿದಳು.

ನಿರ್ದೇಶಕ ಚಂದ್ರಮೋಹನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆಳಗ್ಗೆಯಿಂದ ಮುಳಬಾಗಿಲು ಬೆಟ್ಟದ ಬುಡದಲ್ಲಿ ಸಿಪಾಯಿಗಳನ್ನು ಓಡಿಸಿ, ಬೀಳಿಸಿ, ಹೊಗೆ ಹಾಕಿಸಿ ಅವನ ಗಂಟಲು ಕಟ್ಟಿತ್ತು. ಇನ್ನೂರೈವತ್ತು ವರ್ಷದ ಹಿಂದೆ ಇಲ್ಲಿ ನಡೆದ ಯುದ್ಧಕ್ಕೆ ಈಗಿನ ಟಿವಿಯವರು ಬಂದಿದ್ದರೆ ಹೇಗೆ ವರದಿ ಮಾಡುತ್ತಿದ್ದರೋ ಹಾಗೇ ಪಿಕ್ಚರ್ ತೆಗೆಯಬೇಕೆಂಬುದು ಅವನ ಹಟ. ಅದಕ್ಕೇ ಪೇಟ ಸುತ್ತಿ ಕತ್ತಿ ಹಿಡಿದವರ ನಡುವೆ ಕೋಲಾರದ ನಾಟಕದ ಹುಡುಗಿ ನಿಖತ್ ಜೀನ್ಸ್ ತೊಟ್ಟು, ಮೈಕು ಹಿಡಿದು ಓಡಾಡುತ್ತಿದ್ದಳು. ಅವಳು ಏನು ಬೇಕಾದರೂ ಕೇಳಬಹುದು, ಕೇಳಿಸಿಕೊಂಡವರು ಬಾಯಿಗೆ ಬಂದದ್ದನ್ನು ಹೇಳಬೇಕು. ಬರೆದುಕೊಟ್ಟ ಮಾತು ಒಂದೂ ಇರಲಿಲ್ಲ.

"ಹೆಸರು ಯಾಕಮ್ಮ? ಯಾರೋ ಒಬ್ಬ ಸಿಪಾಯಿ ಸತ್ತಿದ್ದಾನೆ. ನೀವು ಅವನ ಹೆಂಡತಿ. ಅಳಿ, ಅಷ್ಟೆ."

"ಹೆಸರಿಲ್ದೆ ಹೆಂಗ್ ಅಳ್ಲಿ ಸ್ವಾಮಿ? ಮುದ್ದೆ ತಿಂತಿದ್ನೋ ಅನ್ನ ತಿಂತಿದ್ನೋ, ಹೆಂಡ್ತೀನ ಹೊಡೀತಿದ್ನೋ ಇಲ್ವೋ, ಏನೂ ಗೊತ್ತಿಲ್ಲ."

ಅವಳದು ಸೊಕ್ಕಿನ ಮಾತೇನಲ್ಲ. ಗೌನಿಪಲ್ಲಿ ಕಡೆ ಹತ್ತೂರಲ್ಲಿ ಎಲ್ಲಿ ಸಾವಾದರೂ ಮೊದಲು ಹೇಳಿಕಳಿಸುವುದು ಮುನಿಯಲ್ಲಮ್ಮನಿಗೆ. ಮನೆಯವರನ್ನು ಕೇಳಿ ಸತ್ತವರ ಹೆಸರು, ಇಷ್ಟ, ಕಷ್ಟ ತಿಳಿದುಕೊಂಡು ಹೆಣದ ಮುಂದೆ ಕೂತು ಹಾಡಿಕೊಂಡು ಅತ್ತಳೆಂದರೆ, ಆಸ್ತಿಗೆ ಕಾದು ಕೂತ ಅಳಿಯಂದಿರ ಕಣ್ಣೂ ಒದ್ದೆಯಾಗುತ್ತಿತ್ತು. ಮುಗಿದ ಮೇಲೆ ಕಾಲು ತೊಳೆದುಕೊಂಡು ಬಂದುಬಿಡುತ್ತಿದ್ದಳು. ತಲೆ ಮೇಲೆ ನೀರು ಹುಯ್ಯಿಸಿಕೊಳ್ಳುವುದು ಸ್ವಂತದವರು ಸತ್ತಾಗ ಮಾತ್ರ.

ಬಂಡೆಯ ಮೇಲೆ ಬಟ್ಟೆ ಹೊದ್ದು ಮಲಗಿದ್ದ ಹೆಣ ಮಾತಾಡಿತು. ಅದು ಊರಿನ ಆಟೋ ಡ್ರೈವರ್ ಕದಿರೇಶ. "ನನ್ ಹೆಸರೇ ಹಾಕ್ಕೊಳಮ್ಮೋ. ಬಂಡೆ ಸುಡ್ತೈತೆ, ಬೇಗ ಮುಗೀಲಿ."

"ತೂ, ಬಿಡ್ತು ಅನ್ನೋ! ಬದುಕಿರೋನ ಹೆಸರಲ್ಲಿ ಅತ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ?"

"ಮುನಿಯಲ್ಲಪ್ಪ ಅಂತ ಇಟ್ಕೊಳ್ಳಿ" ಎಂದ ಚಂದ್ರಮೋಹನ್.

"ನಮ್ಮೂರಲ್ಲೇ ನಾಕ್ ಜನ ಮುನಿಯಲ್ಲಪ್ಪ ಬದುಕವ್ರೆ."

ಜೊತೆಗೆ ಬಂದಿದ್ದ ಪಕ್ಕದ ಮನೆಯ ಭಾರತಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. ಅವಳಿಗೆ ಬೆಳಗ್ಗೆಯಿಂದ ಎಲ್ಲವೂ ತಮಾಷೆ. ಕೂಲಿಯವರ ಹೆಸರು ಬರೆದುಕೊಳ್ಳಲು ಪುಸ್ತಕ ಹಿಡಿದು ಕೂತ ಪಿಕ್ಚರಿನವನು ಮುನಿಯಲ್ಲಮ್ಮನ ಗಂಡನ ಹೆಸರು ಕೇಳಿದಾಗ ಎಂದಿನಂತೆ ಇವಳೇ ಮುಂದೆ ಬಂದು, "ದೊಡ್ಡವೆಂಕಟಪ್ಪ ಅಂತ ಬರ್ಕೊಳ್ಳಿ, ನಮ್ಮಕ್ಕ ಹೇಳಲ್ಲ" ಎಂದಿದ್ದಳು. ಬದುಕಿರುವ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಮುನಿಯಲ್ಲಮ್ಮನ ಅತ್ತೆ ಮದುವೆಯ ದಿನವೇ ಹೇಳಿಕೊಟ್ಟಿದ್ದಳು. ರೇಷನ್ ಕಾರ್ಡಿನವರು ಬರಲಿ, ಓಟಿನ ಪಟ್ಟಿಯವರು ಬರಲಿ, ಮುನಿಯಲ್ಲಮ್ಮ "ಅವ್ರೆ, ಊರಲ್ಲಿಲ್ಲ" ಎನ್ನುವಳು. ಹೆಸರು ಹೇಳುವುದು ಭಾರತಮ್ಮನ ಕೆಲಸ.

ಊರಲ್ಲಿಲ್ಲದೆ ಹನ್ನೊಂದು ವರ್ಷವಾಗಿತ್ತು. ಮಾವಿನಕಾಯಿ ಲಾರಿ ಹತ್ತಿ ನಾಗಪುರದ ಕಡೆ ಹೋದವನು ದಾರಿಯಲ್ಲಿ ಟೀ ಕುಡಿಯಲು ಇಳಿದನಂತೆ. ಲಾರಿ ವಾಪಸು ಬಂತು, ಅವನು ಬರಲಿಲ್ಲ. ಏಳು ವರ್ಷ ತುಂಬಿದಾಗ ಊರ ಹಿರಿಯರು ಬಂದು ಶಾಸ್ತ್ರ ಮುಗಿಸಿಬಿಡು ಎಂದರು. "ಹೆಣ ತಂದು ತೋರ್ಸಿ, ಆಮೇಲೆ ಬಳೆ ಒಡೀರಿ" ಎಂದು ಬಾಗಿಲು ಹಾಕಿಕೊಂಡಿದ್ದಳು. ಆದರೆ ಸಾವಿನ ಮನೆಗಳಲ್ಲಿ ಕೂತಾಗ ಅವಳಿಗೆ ಒಂದೊಂದು ಸಲ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಮುಂದೆ ಹೆಣವಾದರೂ ಇತ್ತಲ್ಲ.

ಕ್ಯಾಮೆರಾ ಓಡಿತು. ಮುನಿಯಲ್ಲಮ್ಮ ಹೆಸರಿಲ್ಲದ ಸಿಪಾಯಿಗೆ ಅತ್ತಳು. ಎಷ್ಟು ಒಣಕಲಾಗಿತ್ತೆಂದರೆ ಬಟ್ಟೆಯೊಳಗಿನ ಹೆಣವೇ ಕಿಸಕ್ಕೆಂದಿತು. ಚಂದ್ರಮೋಹನ್ ನಿಲ್ಲಿಸಲು ಕೈ ಎತ್ತುವಷ್ಟರಲ್ಲಿ ನಿಖತ್ ಮಂಡಿಯೂರಿ ಕೂತು ಮೈಕು ಮುಂದೆ ಹಿಡಿದಳು.

"ಅಮ್ಮಾ, ಇವರು ನಿಮಗೆ ಏನಾಗ್ಬೇಕು?"

"ಯಜಮಾನ್ರು."

"ಮನೆ ಬಿಟ್ಟು ಎಷ್ಟು ದಿನ ಆಗಿತ್ತು?"

ಮುನಿಯಲ್ಲಮ್ಮ ಹೆಣದ ಕಡೆ ನೋಡಿದಳು. ಮುಖ ಮುಚ್ಚಿದ್ದರು. ಬಟ್ಟೆಯ ಆಚೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹಿಮ್ಮಡಿ ಒಡೆದಿತ್ತು, ಬೆರಳ ಸಂದಿಯಲ್ಲಿ ಕೆಮ್ಮಣ್ಣಿತ್ತು. ಯಾರ ಪಾದವಾದರೂ ಆಗಬಹುದಿತ್ತು.

"ಹನ್ನೊಂದು ವರ್ಷ" ಎಂದಳು.

"ಹೋಗುವಾಗ ಏನು ಹೇಳಿದ್ರು?"

"ನಾಕ್ ದಿನಕ್ಕೆ ಬರ್ತೀನಿ ಅಂದ್ರು. ಹಿತ್ತಲ ಬಾಗ್ಲು ಚಿಲಕ ಸರಿಯಿಲ್ಲ, ಬಂದು ಹಾಕ್ತೀನಿ ಅಂದ್ರು."

ಭಾರತಮ್ಮನ ನಗು ನಿಂತಿತು.

"ಅವರ ಹೆಸರೇನಮ್ಮ?"

ಮುನಿಯಲ್ಲಮ್ಮನಿಗೆ ಹೆದರಿಕೆಯಾಯಿತು. ಅತ್ತ ನಿಂತಿದ್ದ ಭಾರತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದಳು. ಮುನಿಯಲ್ಲಮ್ಮ ಕೈ ಅಡ್ಡ ಹಿಡಿದಳು.

"ದೊಡ್ಡವೆಂಕಟಪ್ಪ" ಎಂದಳು. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಮೊದಲ ಸಲ. ಹೇಳಿದವಳೇ ಆ ಪಾದಗಳನ್ನು ತಬ್ಬಿಕೊಂಡಳು. "ದೊಡ್ಡವೆಂಕಟಪ್ಪಾ! ಯಾಡಿಕಿ ಪೋತಿವಯ್ಯಾ!" ಎಲ್ಲಿಗೆ ಹೋದೆಯಯ್ಯಾ ಎಂದು ತನ್ನ ಮನೆಮಾತು ತೆಲುಗಿನಲ್ಲಿ ಕೇಳಿದಳು. ಚಿಲಕ ಇವತ್ತಿಗೂ ಹಾಗೇ ಇದೆ ಎಂದಳು, ಸಪ್ಪಳವಾದಾಗಲೆಲ್ಲ ನೀನೇ ಎಂದು ಎದ್ದೆ ಎಂದಳು, ಒಂದು ಟೀಗೆ ನನ್ನನ್ನು ಮಾರಿದೆಯಲ್ಲೋ ಎಂದು ಬೈದಳು. ಬಟ್ಟೆಯೊಳಗೆ ಕದಿರೇಶ ಉಸಿರು ಬಿಗಿಹಿಡಿದು ಬಿದ್ದಿದ್ದ. ಸತ್ತ ಸಿಪಾಯಿಗಳು ಒಬ್ಬೊಬ್ಬರೇ ತಲೆ ಎತ್ತಿ ನೋಡಿದರು.

"ಕಟ್" ಎನ್ನಲು ಚಂದ್ರಮೋಹನ್‌ಗೆ ಬಹಳ ಹೊತ್ತು ಬೇಕಾಯಿತು. ಕಣ್ಣೊರೆಸಿಕೊಂಡು ಹತ್ತಿರ ಬಂದ. "ಅದ್ಭುತ ಅಮ್ಮಾ. ಆದ್ರೆ ಕೊನೇಲಿ ಹೈವೇಯಿಂದ ಒಂದು ಲಾರಿ ಹಾರನ್ ಬಂದುಬಿಡ್ತು. ಹೀಗೇ ಇನ್ನೊಂದ್ಸಲ ಮಾಡ್ತೀರಾ?"

"ಇನ್ನೊಂದ್ಸಲ ಆಗಲ್ಲ ಸ್ವಾಮಿ" ಎಂದಳು ಮುನಿಯಲ್ಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

ಎದ್ದು, ಸೀರೆಯ ಮಣ್ಣನ್ನೂ ಕೊಡವದೆ, ಬೇವಿನ ಮರದ ಕೆಳಗಿದ್ದ ನೀರಿನ ಡ್ರಮ್ಮಿನ ಹತ್ತಿರ ನಡೆದಳು. ಕಾಲು ತೊಳೆಯುತ್ತಾಳೆ ಎಂದುಕೊಂಡು ಭಾರತಮ್ಮ ಚೊಂಬು ತುಂಬಿ ಕೊಡಹೋದಳು. ಮುನಿಯಲ್ಲಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಜಡೆ ಬಿಚ್ಚಿ ಕೆಳಗೆ ಕೂತು ತಲೆ ಬಾಗಿಸಿದಳು.

ಭಾರತಮ್ಮ ಚೊಂಬು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಹುಯ್ದಳು.