ಪರದೆಯ ಕೊನೆಯ ಸಾಲು

ಸೊಸೆಗೆ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೇ ಇದ್ದುದರಿಂದ ಮನೆಯಲ್ಲಿ ಅದೊಂದು ಸುದ್ದಿಯಾಗಿರಲಿಲ್ಲ. ಅತ್ತೆಗೆ ಮಂಡಿನೋವು, ಗಂಡನಿಗೆ ಮುಂಗೋಪ, ಅವಳಿಗೆ ಕಣ್ಣಿಲ್ಲ. ಮೂವರೂ ತಮ್ಮ ತಮ್ಮದನ್ನು ಹೊತ್ತುಕೊಂಡು, ಆ ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಓಡಾಡಿಕೊಂಡಿದ್ದರು.

ಅವಳ ದುಡಿಮೆಯೆಲ್ಲ ಒಂದು ಹಳೆಯ ನೆಟ್‌ಬುಕ್ಕಿನಲ್ಲಿ. ಊಟದ ತಟ್ಟೆಗಿಂತ ಚೂರು ದೊಡ್ಡ ಲ್ಯಾಪ್‌ಟಾಪ್ ಅದು. ವೈದ್ಯರು ರೋಗಿಯನ್ನು ನೋಡಿ ಮಾತಾಡಿ ಕಳಿಸಿದ ರೆಕಾರ್ಡಿಂಗನ್ನು ಕೇಳಿ ವರದಿಯಾಗಿ ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುವ ಪ್ರೋಗ್ರಾಮೊಂದು ಅದರೊಳಗಿತ್ತು. ಅದರ ಗಂಡುದನಿ ಅವಳಿಗೆ ಅರ್ಥವಾಗುವ ವೇಗದಲ್ಲಿ ಓದಿದರೆ ಉಳಿದವರಿಗೆ ತಗಡಿನ ಮೇಲೆ ಕಾಳು ಸುರಿದಂತೆ ಕೇಳುತ್ತಿತ್ತು. ನನ್ನ ಮಗ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಇವನು ಬಾಯಿ ಮುಚ್ಚುವುದೇ ಇಲ್ಲ, ನೀನು ಇವನನ್ನೇ ಕಟ್ಟಿಕೊಳ್ಳಬೇಕಿತ್ತು ಎಂದು ಅತ್ತೆ ಆಗಾಗ ಹೇಳುತ್ತಿದ್ದಳು. ಕಟ್ಟಿಕೊಂಡ ಹಾಗೇ ಅಲ್ಲವಾ, ದಿನವಿಡೀ ತೊಡೆ ಮೇಲೇ ಇರುತ್ತಾನೆ ಎಂದು ಸೊಸೆ ಉತ್ತರ ಕೊಡುತ್ತಿದ್ದಳು.

ನೆಟ್‌ಬುಕ್ಕನ್ನು ಅವಳು ಶಿಸ್ತಾಗಿ ಇಟ್ಟುಕೊಂಡಿದ್ದಳು. ತಿಂಗಳ ಮೊದಲ ಭಾನುವಾರ ಅಪ್‌ಡೇಟ್ ದಿನ. ಸ್ಪೀಕರು, ವೈ-ಫೈ, ಪರದೆ, ಒಂದೊಂದನ್ನೂ ನಡೆಸುವ ಡ್ರೈವರ್ ಪ್ರೋಗ್ರಾಮುಗಳಲ್ಲಿ ಹೊಸತು ಬಂದಿದೆಯೇ ಎಂದು ಹುಡುಕಿ ಹಾಕುವಳು. ಸೌಂಡ್ ಡ್ರೈವರನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ. ಅದು ಕೆಟ್ಟರೆ ಬೇರೆಯವರಿಗೆ ಹಾಡು ನಿಲ್ಲುತ್ತದೆ, ಅವಳಿಗೆ ಕಂಪ್ಯೂಟರೇ ನಿಲ್ಲುತ್ತದೆ. ಇಷ್ಟನ್ನೂ ಅವಳೊಬ್ಬಳೇ ಮಾಡಿಕೊಳ್ಳುತ್ತಿದ್ದಳು. ಆಗದಿದ್ದದ್ದು ಫರ್ಮ್‌ವೇರ್ ಒಂದೇ. ಅದು ಯಂತ್ರದ ಹೊಟ್ಟೆಯೊಳಗೇ ಕೂತಿರುವ ಪ್ರೋಗ್ರಾಮು, ಉಳಿದೆಲ್ಲಕ್ಕಿಂತ ಮೊದಲು ಏಳುತ್ತದೆ. ಅದು ಎದ್ದಿರುವಾಗ ಓದುವ ದನಿ ಇನ್ನೂ ಮಲಗಿರುತ್ತದೆ. ಆ ಹೊತ್ತಿಗೆ ಪರದೆಯನ್ನು ಓದಲು ಯಾರದಾದರೂ ಕಣ್ಣು ಬೇಕು.

ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟುಗಳು ಭಾನುವಾರವೂ ಸಿಕ್ಕಿಹಾಕಿಕೊಳ್ಳುವುದರಿಂದ ಕಣ್ಣು ಅತ್ತೆಯದೇ ಆಯಿತು. ಅತ್ತೆ ಮೂವತ್ತು ವರ್ಷ ಸಿನಿಮಾ ಮಂದಿರದ ಟಿಕೆಟ್ ಕಿಟಕಿಯಲ್ಲಿ ಕೂತವಳು. ಸೀಟಿನ ಸಾಲುಗಳ ದೆಸೆಯಿಂದ ಇಂಗ್ಲಿಷಿನ ಅಕ್ಷರಗಳೆಲ್ಲ ಗೊತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಅವಳು ಒಂದೊಂದೇ ಅಕ್ಷರ ಹೇಳಬೇಕು, ಸೊಸೆ ಜೋಡಿಸಿಕೊಳ್ಳಬೇಕು. ಒಂದು ಸಾಲು ಮುಗಿಯುವಷ್ಟರಲ್ಲಿ ಲೋಟದ ಚಹಾ ಆರುತ್ತಿತ್ತು. ಏನೇ ಬಂದರೂ ಪೂರ್ತಿ ಓದದೆ ಯಾವ ಕೀಯನ್ನೂ ಒತ್ತಬಾರದು ಎಂಬುದು ಸೊಸೆಯ ಕಟ್ಟಪ್ಪಣೆ. ಅತ್ತೆ ಅದನ್ನು ಮೀರಿದವಳಲ್ಲ. ಬಾಗಿಲು ಬಡಿದರೂ ಸಾಲಿನ ಮಧ್ಯೆ ಏಳುತ್ತಿರಲಿಲ್ಲ.

ಆ ವರ್ಷ ದೊಡ್ಡ ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ಒಂದು ಕಾಯಂ ಕೆಲಸ ಖಾಲಿಯಾಯಿತು. ಅದೇ ಕೇಳಿ ಟೈಪ್ ಮಾಡುವ ಕೆಲಸ, ಆದರೆ ಅಲ್ಲಿಗೆ ಹೋಗಿ, ಸ್ವಂತದ ಮೇಜಿನ ಮುಂದೆ ಕೂತು. ಸೊಸೆಗೆ ಅದು ಬೇಕಿತ್ತು. ಮದುವೆಯಾದಾಗಿನಿಂದ ಅವಳು ಕೂತದ್ದು ಅಡುಗೆಮನೆಯ ಗೋಡೆಗೆ ಒರಗಿಸಿದ ಒಂದೇ ಕುರ್ಚಿಯಲ್ಲಿ. ಬೆಳಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿ ಹೋಗುವ ಕೆಲಸ ಬೇಕು, ಮನೆಯಲ್ಲೇ ಸಿಗುವ ಕೆಲಸ ಎಷ್ಟಿದ್ದರೂ ಅದು ಮನೆಗೆಲಸವೇ ಎಂದು ಗಂಡನಿಗೆ ಹೇಳಿದ್ದಳು. ಅವನು ಅಡ್ಡಿ ಮಾಡಲಿಲ್ಲ. ಆಸ್ಪತ್ರೆಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂಬುದನ್ನು ಅವಳ ಜೊತೆ ಎರಡು ಸಲ ಹೋಗಿ ತೋರಿಸಿದ.

ಕೆಲಸಕ್ಕೆ ಆರಿಸಲು ಒಂದು ಟೈಪಿಂಗ್ ಪರೀಕ್ಷೆಯಿತ್ತು, ಅದಕ್ಕೆ ಸ್ವಂತ ಕಂಪ್ಯೂಟರ್ ತರಬಹುದಿತ್ತು. ಆದರೆ ಅದರ ಡ್ರೈವರುಗಳು, ಫರ್ಮ್‌ವೇರ್ ಎಲ್ಲವೂ ಹೊಚ್ಚಹೊಸದಾಗಿರಬೇಕು, ಇಲ್ಲದಿದ್ದರೆ ಆಸ್ಪತ್ರೆಯ ಜಾಲಕ್ಕೆ ಜೋಡಿಸುವುದಿಲ್ಲ ಎಂದು ಷರತ್ತು ಹಾಕಿದ್ದರು. ಪರೀಕ್ಷೆಯ ಹಿಂದಿನ ದಿನ ನೋಡಿದರೆ ಫರ್ಮ್‌ವೇರಿನ ಹೊಸ ಆವೃತ್ತಿ ಬಂದು ಕೂತಿತ್ತು. ಸೊಸೆ ಅತ್ತೆಯನ್ನು ಕರೆದಳು.

ಚಾರ್ಜರ್ ಸಿಕ್ಕಿಸಿ ಶುರುಮಾಡಿದರು. ದನಿ ನಿಂತುಹೋಯಿತು. ಅತ್ತೆ ಕನ್ನಡಕ ಹಾಕಿಕೊಂಡು ಅಂಕಿ ಏರುವುದನ್ನು ಹೇಳುತ್ತಾ ಹೋದಳು. ನಲವತ್ತಕ್ಕೆ ಬಂದು ಅದು ನಿಂತೇಬಿಟ್ಟಿತು. ಸೊಸೆ ಉಗುರು ಕಚ್ಚಿಕೊಂಡಳು.

"ಯಾಕಮ್ಮ ಹೀಗೆ ಹೆದರ್ತೀಯ? ನಿನ್ನ ಗಂಡನ ಲಿಫ್ಟೇ ಎಷ್ಟೋ ವಾಸಿ, ನಿಂತರೆ ಗಂಟೆನಾದರೂ ಹೊಡಿಬಹುದು," ಎಂದಳು ಅತ್ತೆ.

ಅಂಕಿ ಮತ್ತೆ ಏರಿತು, ನೂರಾಯಿತು. ಪರದೆ ಒಮ್ಮೆ ಕಪ್ಪಾಗಿ ಬೆಳಗಿ, ಎರಡು ಸಾಲು ಮೂಡಿದವು. ಅತ್ತೆ ಮೊದಲನೆಯದನ್ನು ಅಕ್ಷರ ಅಕ್ಷರವಾಗಿ ಹೇಳಿ ಮುಗಿಸಿದಳು. ಅಪ್‌ಡೇಟ್ ಸರಿಯಾಗಿ ಆಗಿದೆ ಎಂದಿತ್ತು. ಸೊಸೆ ಉಸಿರು ಬಿಟ್ಟಳು.

"ಕೆಳಗೆ ಇನ್ನೊಂದು ಸಾಲಿದೆ. ಉದ್ದ ಇದೆ."

"ಬಿಡಿ ಅತ್ತೆ, ಪ್ರತಿಸಲ ಇರುತ್ತಲ್ಲ. ಮುಂದುವರಿಯೋಕೆ ಒಂದು ಕೀ ಒತ್ತಿ ಅಂತ. ಒತ್ತಿಬಿಡಿ."

"ಓದದೇ ಒತ್ತಬಾರದು ಅಂತ ನೀನೇ ಅಲ್ವೇನೇ ಹೇಳಿದ್ದು?"

"ಈಗಲೂ ನಾನೇ ಹೇಳ್ತಿರೋದು, ಒತ್ತಿ."

ಅತ್ತೆ ಒತ್ತಿದಳು.

ದನಿ ಎದ್ದು ಎಂದಿನಂತೆ ಮಾತಾಡಿತು. ಸೊಸೆ ವೈ-ಫೈ ನೋಡಿದಳು, ಹೆಡ್‌ಫೋನ್ ನೋಡಿದಳು. ಒಂದು ರೆಕಾರ್ಡಿಂಗಿನ ಮೊದಲ ಮಾತು ಕೇಳಿಸಿಕೊಂಡು ಮುಚ್ಚಿದಳು. ನಾಲ್ಕು ಸಾಲು ಟೈಪ್ ಮಾಡಿದಳು. ಎಲ್ಲ ಸರಿಯಿತ್ತು. ವಾರವಿಡೀ ಅಭ್ಯಾಸ ಮಾಡಿ ಮಣಿಕಟ್ಟು ಊದಿಕೊಂಡಿತ್ತು, ಆದ್ದರಿಂದ ಆ ದಿನ ಅಭ್ಯಾಸ ಬೇಡವೆಂದು ನೆಟ್‌ಬುಕ್ ಮಡಚಿ ಚೀಲಕ್ಕೆ ಹಾಕಿದಳು.

ಪರೀಕ್ಷೆಯ ಕೋಣೆಯಲ್ಲಿ ಫಿನಾಯಿಲಿನ ವಾಸನೆಯಿತ್ತು. ಕುರ್ಚಿಗಳ ಕಾಲಿಗೆ ರಬ್ಬರ್ ಇರಲಿಲ್ಲ, ಯಾರು ಕೂತರೂ ಕಿರ್ರೆನ್ನುತ್ತಿತ್ತು. ಹಾಗಾಗಿ ಒಟ್ಟು ಎಂಟು ಜನ ಬಂದಿದ್ದಾರೆಂದು ಅವಳಿಗೆ ಗೊತ್ತಾಯಿತು. ಅಲ್ಲಿಯ ಕಂಪ್ಯೂಟರ್ ತಂತ್ರಜ್ಞ ಒಬ್ಬೊಬ್ಬರದನ್ನೂ ಪರಿಶೀಲಿಸುತ್ತಾ ಬಂದ. ಇಬ್ಬರದು ಹಳೆಯದಾಗಿದೆಯೆಂದು ಅವರನ್ನು ಆಸ್ಪತ್ರೆಯ ಯಂತ್ರಗಳ ಮುಂದೆ ಕೂರಿಸಿದ. ಇವಳದನ್ನು ನೋಡಿ, ಅಜ್ಜನ ಕಾಲದ ಡಬ್ಬಿಯಾದರೂ ಇಲ್ಲಿರುವುದರಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿರುವುದು ಇದೇ ಎಂದ. ಅವಳು ನಕ್ಕಳು.

ನಲವತ್ತು ನಿಮಿಷ. ಒಂದು ಪೂರ್ತಿ ವರದಿ. ರೆಕಾರ್ಡಿಂಗ್ ಶುರುವಾಯಿತು. ವೈದ್ಯರು ಗಂಟಲು ಸರಿಮಾಡಿಕೊಂಡು ಹೊಟ್ಟೆನೋವಿನಿಂದ ಆರಂಭಿಸಿದರು. ಎರಡು ವಾಕ್ಯ ಕೇಳಿ ಅವಳು ನಿಲ್ಲಿಸುವ ಕೀಯನ್ನು ಒತ್ತಿದಳು. ಮೇಲಿನ ಸಾಲಿನ ಮೂರು ಕೀಗಳನ್ನು ಅವಳು ಇದಕ್ಕೇ ಬಳಸುತ್ತಿದ್ದಳು: ಒಂದು ನಿಲ್ಲಿಸಲು, ಒಂದು ಹಿಂದೆ ಹೋಗಲು, ಒಂದು ನಿಧಾನ ಮಾಡಲು. ಸದ್ದು ನಿಂತಿತು. ಟೈಪ್ ಮಾಡಿದಳು. ಮತ್ತೆ ಒತ್ತಿದಳು. ವೈದ್ಯರು ಹೊಟ್ಟೆ ಬಿಟ್ಟು ಮೂತ್ರಪಿಂಡಕ್ಕೆ ಹೋಗಿಬಿಟ್ಟಿದ್ದರು.

ತಾನೇ ಏನೋ ಕೇಳಿಸಿಕೊಳ್ಳಲಿಲ್ಲವೆಂದು ಹಿಂದೆ ಹೋಗುವ ಕೀ ಒತ್ತಿದಳು. ವೈದ್ಯರು ಹಿಂದೆ ಹೋಗಲಿಲ್ಲ, ದನಿ ಕುಗ್ಗಿತು. ಮತ್ತೆ ಒತ್ತಿದಳು, ಇನ್ನೂ ಕುಗ್ಗಿತು. ಗಾಬರಿಯಲ್ಲಿ ನಿಲ್ಲಿಸುವುದನ್ನು ಒತ್ತಿದಳು. ಎಲ್ಲ ಮೌನ. ಓದುವ ದನಿಯೂ ಇಲ್ಲ. ಅವಳು ಕೈಯೆತ್ತಿದಳು.

ತಂತ್ರಜ್ಞ ಬಂದು ಬಗ್ಗಿ ನೋಡಿದ.

"ರೆಕಾರ್ಡಿಂಗ್ ಓಡ್ತಾನೇ ಇದೆಯಲ್ಲ ಮೇಡಂ. ನೀವೇ ಸೌಂಡ್ ಮ್ಯೂಟ್ ಮಾಡಿಕೊಂಡಿದ್ದೀರ."

"ನಾನು ನಿಲ್ಲಿಸೋ ಕೀ ಒತ್ತಿದ್ದು."

"ಅದರ ಮೇಲೆ ಸ್ಪೀಕರ್ ಚಿತ್ರ ಇದೆಯಲ್ಲ," ಎಂದ ಅವನು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳಿಗೆ ಆಗ ತಿಳಿಯಿತು. ಆ ಕೀಗಳಿಗೆ ಎರಡೆರಡು ಕೆಲಸ. ಅಂಗಡಿಯಿಂದ ಬಂದಾಗ ಅವು ಸದ್ದು ಏರಿಸಿ ಇಳಿಸುವ ಕೀಗಳು. ಅವಳಿಗೆ ಬೇಕಾದ ಕೆಲಸ ಮಾಡುವಂತೆ ಗಂಡ ವರ್ಷಗಳ ಹಿಂದೆ ಫರ್ಮ್‌ವೇರಿನ ಸೆಟ್ಟಿಂಗ್ ಬದಲಿಸಿದ್ದ. ನಿನ್ನೆಯ ಅಪ್‌ಡೇಟ್ ಎಲ್ಲ ಸೆಟ್ಟಿಂಗುಗಳನ್ನೂ ಮೊದಲಿದ್ದ ಹಾಗೆ ಮಾಡಿತ್ತು. ಹಾಗೆ ಮಾಡಿದ್ದೇನೆ ಎಂದು ಹೇಳಿಯೂ ಇತ್ತು, ಎರಡನೆಯ ಸಾಲಿನಲ್ಲಿ.

ಮರಳಿ ಬದಲಿಸಲು ಯಂತ್ರ ಆರಿಸಿ ಹಚ್ಚಬೇಕು, ಯಾರಾದರೂ ಪರದೆ ಓದಬೇಕು. ಕೇಳಿದಳು. ಪರೀಕ್ಷೆಯ ನಡುವೆ ಅದಕ್ಕೆ ಅವಕಾಶವಿಲ್ಲ, ಗಡಿಯಾರವನ್ನೂ ನಿಲ್ಲಿಸಲಾಗದು ಎಂದು ವಿಭಾಗದ ಮುಖ್ಯಸ್ಥೆ ತಮ್ಮ ಜಾಗದಿಂದಲೇ ಹೇಳಿದರು. ದನಿಯಲ್ಲಿ ಒರಟುತನವಿರಲಿಲ್ಲ. ಎಡಮೂಲೆಯ ಎಫ್‌ಎನ್ ಕೀಯನ್ನು ಜೊತೆಗೆ ಒತ್ತಿ ಹಿಡಿದರೆ ಹಳೆಯ ಕೆಲಸ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು. ಮ್ಯೂಟ್ ತೆಗೆದು ರೆಕಾರ್ಡಿಂಗನ್ನು ಮೊದಲಿನಿಂದ ಹಚ್ಚಿದಳು. ಪ್ರತಿಸಲ ಎರಡೂ ಕೈ ಅಕ್ಷರಗಳನ್ನು ಬಿಟ್ಟು ಏಳಬೇಕು, ಮತ್ತೆ ಜಾಗ ಹುಡುಕಿ ಕೂರಬೇಕು. ಎರಡು ಸಲ ಮರೆತು ಒಂದೇ ಕೀ ಒತ್ತಿದಳು, ಎರಡು ಸಲವೂ ವೈದ್ಯರು ಮೂಕರಾಗಿ ಮುಂದೆ ಹೋದರು. ಅವರು ಔಷಧಿಗಳ ಹೆಸರು ಹೇಳುತ್ತಿದ್ದಾಗ ಸಮಯ ಮುಗಿಯಿತು.

ಮನೆಗೆ ಬಂದು ನಡೆದದ್ದನ್ನು ಹೇಳಿದಳು.

"ನಾನಾದರೂ ಓದಿಬಿಡಬೇಕಿತ್ತು," ಎಂದಳು ಅತ್ತೆ.

"ನಾನು ಬಿಟ್ಟಿದ್ದರೆ ತಾನೇ."

"ಅದೂ ಸರಿ," ಎಂದ ಅತ್ತೆ ಕೈ ತೊಳೆದುಕೊಂಡು ಬಾ ಎಂದು ತಟ್ಟೆ ಹಾಕಿದಳು.

ಗಂಡ ಬಂದು ಕೇಳಿ ಯಂತ್ರವನ್ನು ಬೈದ, ಆಸ್ಪತ್ರೆಯನ್ನು ಬೈದ. ಬೈಯಲು ಮತ್ತೇನೂ ಉಳಿಯದಾಗ ಕೂತು ಸೆಟ್ಟಿಂಗ್ ಸರಿಮಾಡಿಕೊಟ್ಟ.

ಮರುವಾರ ಆಸ್ಪತ್ರೆಯಿಂದ ಫೋನ್ ಬಂತು. ಮುಖ್ಯಸ್ಥೆಯೇ ಮಾತಾಡಿದರು. ಟೈಪ್ ಮಾಡಿದಷ್ಟರಲ್ಲಿ ಇವಳದು ಒಂದೂ ತಪ್ಪಿರಲಿಲ್ಲವಂತೆ, ಆದರೆ ಕೊನೆಯ ಹದಿನಾಲ್ಕು ಸಾಲು ಉಳಿದಿತ್ತಂತೆ, ವರದಿ ಪೂರ್ತಿಯಾಗದವರನ್ನು ತೆಗೆದುಕೊಳ್ಳಲು ನಿಯಮವಿಲ್ಲವಂತೆ. ಸೊಸೆ ಸರಿ ಮೇಡಂ ಎಂದಳು. ಫೋನಿಟ್ಟು, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಆ ದಿನ ಬಂದಿದ್ದ ರೆಕಾರ್ಡಿಂಗ್ ಹಚ್ಚಿದಳು.

ಹೋದದ್ದು ಹನ್ನೊಂದು ನಿಮಿಷ, ವರದಿಯ ಹದಿನಾಲ್ಕು ಸಾಲು, ಒಂದು ಕೆಲಸ.